ಗಂಧಕಾಶಿಗೆ ಸೂರ್ಯ ಕೇಳಿದ ಪ್ರಶ್ನೆ

ನಮ್ಮ ಮೇಷ್ಟ್ರ ಬೀಳ್ಕೊಡುಗೆ ಸಭೆಯಲ್ಲಿ ಒಂಬತ್ತು ಜನ ಮಾತಾಡಿದರು. ಅವರಲ್ಲಿ ಆರು ಜನ ಮೇಷ್ಟ್ರನ್ನು ಅಜಾತಶತ್ರು ಎಂದರು. ಸಭೆಗಳಲ್ಲಿ ಇಂಥದ್ದನ್ನು ಎಣಿಸಿ ಡೈರಿಯಲ್ಲಿ ಬರೆದಿಡುವುದು ಹೈಸ್ಕೂಲಿನಿಂದಲೂ ನನಗಿರುವ ಅಭ್ಯಾಸ. ಆರನೆಯವರ ಬಾಯಲ್ಲೂ ಅದೇ ಮಾತು ಬಂದಾಗ ಪೆನ್ನು ಮುಚ್ಚಿಟ್ಟೆ. ಅವರ ಜೊತೆ ಎರಡು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಮೇಜಿಗೆ ಕೂತು ಕೆಲಸ ಮಾಡಿದ ನನ್ನನ್ನು ಯಾರೂ ಮಾತಾಡಲು ಕರೆಯಲಿಲ್ಲ. ಅತಿಥಿ ಉಪನ್ಯಾಸಕರನ್ನು ವೇದಿಕೆಗೆ ಕರೆಯುವ ರೂಢಿ ಇಲ್ಲ. ಕರೆದಿದ್ದರೆ, ಈ ಮನುಷ್ಯನಿಗೆ ಶತ್ರುಗಳಿಲ್ಲ ಎನ್ನುವುದು ಹೊಸನಗರ ತಾಲ್ಲೂಕಿನವರ ತಾಳ್ಮೆಗೆ ಸಾಕ್ಷಿಯೇ ಹೊರತು ಇವರ ಗುಣಕ್ಕಲ್ಲ ಎಂದು ಹೇಳಿ ಕೂತುಬಿಡುತ್ತಿದ್ದೆ.

ಹೆಸರು ಬರೆಯುವುದಿಲ್ಲ. ಬರೆದರೆ ಓದಿ, ಇನಿಶಿಯಲ್ ಯಾಕೆ ಬಿಟ್ಟೆ ಎಂದು ಫೋನ್ ಮಾಡುತ್ತಾರೆ. ಅವರು ಜೀವಶಾಸ್ತ್ರದ ಉಪನ್ಯಾಸಕರು. ನಾನು ರಸಾಯನಶಾಸ್ತ್ರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಪಿಯು ಕಾಲೇಜು.

ಎದುರಿನವರು ಮಾತಾಡುವಾಗ ಅವರು ಕಣ್ಣು ಮುಚ್ಚಿಕೊಂಡು ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಉಜ್ಜುತ್ತಿದ್ದರು. ನಾವು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ ಉಸಿರು ಬಿಟ್ಟಾಗ ಕಣ್ಣು ತೆರೆದು, “ಮುಂದೆ?” ಎನ್ನುತ್ತಿದ್ದರು. ಮುಂದೆ ಏನೂ ಇರುತ್ತಿರಲಿಲ್ಲ. ಆದರೂ ಆ ಒಂದು ಮಾತಿಗೆ ನಾವು ಹೇಳಿದ್ದೆಲ್ಲ ಪೀಠಿಕೆಯಂತೆ ಕಾಣತೊಡಗುತ್ತಿತ್ತು. ಪ್ರಿನ್ಸಿಪಾಲರು ರಜೆ ಕೊಡುವುದಿಲ್ಲ ಎಂದಾಗಲೂ ‘ಮುಂದೆ?’, ತೀರ್ಥಹಳ್ಳಿ ಬಸ್ಸು ಕೆಟ್ಟು ನಿಂತಿದೆ ಎಂದು ಕಂಡಕ್ಟರ್ ಹೇಳಿದಾಗಲೂ ‘ಮುಂದೆ?’. ಒಂದು ಸ್ಟಾಫ್ ಮೀಟಿಂಗಿನಲ್ಲಿ ಹದಿನೇಳು ಸಲ ಬಂತು. ಆ ಮೀಟಿಂಗು ಮಧ್ಯಾಹ್ನದ ಊಟದ ಹೊತ್ತನ್ನೂ ದಾಟಿ ಹೋಯಿತು.

ಅವರ ಜೊತೆ ಕೆಲಸ ಮಾಡುವುದೆಂದರೆ ಏನು ಎನ್ನುವುದಕ್ಕೆ ನೋಟಿಸ್ ಬೋರ್ಡಿನ ಪ್ರಕರಣ ಸಾಕು. ಮಳೆಗಾಲದ ಶುರುವಿನಲ್ಲಿ ಪ್ರಿನ್ಸಿಪಾಲರು ಒಂದು ಸೂಚನೆ ಹಾಕಿಸಿದರು. ಬಾವಿ ನೀರನ್ನು ಕುದಿಸಿಯೇ ಕುಡಿಯಬೇಕು, ಕುದಿಸಿದರೆ ಎಲ್ಲ ಬ್ಯಾಕ್ಟೀರಿಯಾಗಳೂ ಸಾಯುತ್ತವೆ ಎಂದಿತ್ತು. ಮಧ್ಯಾಹ್ನದೊಳಗೆ ಅದರ ಕೆಳಗೆ ಕೆಂಪು ಶಾಯಿಯಲ್ಲಿ ‘ಎಲ್ಲ ಅಲ್ಲ’ ಎಂದು ಬರೆದು ಇವರು ಸಹಿ ಹಾಕಿದ್ದರು. ಸಂಜೆಯಷ್ಟರಲ್ಲಿ ಹುಡುಗಿಯರು ಕಾಲೇಜಿನ ನೀರು ಮುಟ್ಟುವುದನ್ನೇ ಬಿಟ್ಟರು. ಪ್ರಿನ್ಸಿಪಾಲರು ಕರೆಸಿ ಕೇಳಿದರು. ಕಡಲಿನ ತಳದಲ್ಲಿ ನೂರು ಡಿಗ್ರಿಗಿಂತ ಹೆಚ್ಚು ಬಿಸಿ ನೀರಿನಲ್ಲೂ ಸಂಸಾರ ಮಾಡುವ ಸೂಕ್ಷ್ಮಜೀವಿಗಳಿವೆ ಎಂದು ಇವರು ವಿವರಿಸಿದರು.

“ಅವು ನಮ್ಮ ಬಾವಿಯಲ್ಲಿ ಇದಾವಾ?”

“ಇಲ್ಲ.”

“ಮತ್ತೆ?”

“ವಾಕ್ಯ ತಪ್ಪು ಸರ್. ಬಾವಿ ಸರಿ ಇದೆ.”

ಆ ಕಡಲಿನ ತಳ ಅವರ ದೊಡ್ಡ ಹುಚ್ಚು. ನಮ್ಮ ಊರಿನ ಹೆಚ್ಚಿನ ಮಕ್ಕಳು ಹುಲಿಕಲ್ ಘಾಟಿ ಇಳಿದು ಸಮುದ್ರ ನೋಡಿದ್ದು ಒಂದೆರಡು ಸಲ. ಅದೂ ದಡದಲ್ಲಿ ನಿಂತು ಕಾಲು ನೆನೆಸಿಕೊಂಡಷ್ಟೇ. ಅಂಥವರಿಗೆ ಇವರು ಎರಡು ಮೂರು ಕಿಲೋಮೀಟರ್ ಆಳದ ಪಾಠ ಮಾಡುತ್ತಿದ್ದರು. ಪಠ್ಯದಲ್ಲಿ ಅದರ ಬಗ್ಗೆ ಇರುವುದು ಒಂದು ಪೂರ್ತಿ ವಾಕ್ಯವೂ ಅಲ್ಲ, ವಾಕ್ಯದ ಒಂದು ತುಂಡು. ಅದೊಂದನ್ನು ಬಿಟ್ಟರೆ ಉಳಿದ ಎಲ್ಲ ಜೀವಲೋಕಕ್ಕೂ ಸೂರ್ಯನೇ ಆಧಾರ ಎನ್ನುವಲ್ಲಿ ‘ಅದೊಂದು’ ಅಂದರೆ ಇದು. ಆ ತುಂಡಿಗೆ ಅವರು ನಾಲ್ಕು ಪೀರಿಯಡ್ ಕೊಡುತ್ತಿದ್ದರು. ಉಳಿದ ಪಾಠ ಮುಗಿಸಲು ಜನವರಿಯಲ್ಲಿ ನನ್ನ ಪೀರಿಯಡ್ ಕೇಳುತ್ತಿದ್ದರು.

ಒಪ್ಪಿಕೊಳ್ಳಬೇಕು, ಪಾಠ ಚೆನ್ನಾಗಿತ್ತು. ಬಾಗಿಲ ಹೊರಗೆ ನಿಂತು ನಾನೂ ಕೇಳಿದ್ದೇನೆ. ಕಡಲಿನ ತಳ ಬಿರುಕು ಬಿಟ್ಟ ಕಡೆ ನೀರು ಒಳಗಿಳಿಯುತ್ತದೆ. ಕೆಳಗಿನ ಕೆಂಡದಂಥ ಬಂಡೆಗೆ ತಾಗಿ ಕಾಯುತ್ತದೆ. ಮುನ್ನೂರು ಡಿಗ್ರಿ ದಾಟಿದರೂ ಮೇಲಿನ ನೀರಿನ ಭಾರಕ್ಕೆ ಕುದಿಯುವುದಿಲ್ಲ. ಬಂಡೆಯೊಳಗಿನ ಲೋಹ, ಗಂಧಕ ಎಲ್ಲವನ್ನೂ ಕರಗಿಸಿಕೊಂಡು ಕರೀ ಹೊಗೆಯ ಹಾಗೆ ಚಿಮ್ಮುತ್ತದೆ. ಅಲ್ಲಿ ಬೆಳಕಿಲ್ಲ, ಹಸಿರಿಲ್ಲ. ಆ ಬಿಸಿನೀರು ಸುತ್ತಲಿನ ತಣ್ಣೀರಿಗೆ ಬೆರೆಯುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳು ಕೂತಿರುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ನಮಗೆ ವಿಷ, ಅವಕ್ಕೆ ಅನ್ನ. ಅದರಿಂದ ಬಂದ ಶಕ್ತಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಸಕ್ಕರೆ ಮಾಡಿಕೊಳ್ಳುತ್ತವೆ. ಎಲೆ ಬಿಸಿಲಿನಲ್ಲಿ ಮಾಡುವ ಕೆಲಸವನ್ನು ಇವು ಕತ್ತಲಲ್ಲಿ ಮಾಡುತ್ತವೆ. ಕೊನೆಗೆ ಅವರು ಸೀಮೆಸುಣ್ಣ ಕೆಳಗಿಟ್ಟು ಹೇಳುತ್ತಿದ್ದ ಮಾತು ಒಂದೇ: “ಸೂರ್ಯ ನಾಳೆ ಆರಿಹೋದ್ರೂ ಇವಕ್ಕೆ ಗೊತ್ತೇ ಆಗಲ್ಲ.”

ಕಳೆದ ವರ್ಷ ಮೇಲಿನಿಂದ ಸೂಚನೆ ಬಂತು. ಮುಂದಿನ ಸಾಲಿಗೆ ವಿಜ್ಞಾನ ವಿಭಾಗಕ್ಕೆ ಹದಿನೈದು ಮಕ್ಕಳಾದರೂ ಸೇರದಿದ್ದರೆ ವಿಭಾಗ ಮುಚ್ಚಬೇಕು, ಇರುವವರನ್ನು ಸಾಗರದ ಕಾಲೇಜಿಗೆ ಕಳಿಸಬೇಕು ಎಂದು. ಆಗ ನಮ್ಮಲ್ಲಿದ್ದವರು ಹನ್ನೆರಡು. ವಿಭಾಗ ಹೋದರೆ ನನ್ನ ಕೆಲಸ ಹೋಗುತ್ತದೆ, ಅದು ಒಂದು. ಹುಲಿಕಲ್ ಕಡೆಯ ಹುಡುಗಿಯರಿಗೆ ದಿನಾ ಸಾಗರಕ್ಕೆ ಹೋಗಿ ಬರುವ ಬಸ್ಸಿಲ್ಲ. ಅವರು ಸೈನ್ಸ್ ಬಿಟ್ಟು ಸಿಕ್ಕಿದ್ದಕ್ಕೆ ಸೇರುತ್ತಾರೆ, ಅದು ಇನ್ನೊಂದು. ಸುತ್ತಲಿನ ಹೈಸ್ಕೂಲುಗಳಿಗೆ ಹೋಗಿ ಹತ್ತನೇ ತರಗತಿಯವರನ್ನು ಸೆಳೆಯುವಂಥದ್ದು ಏನಾದರೂ ಮಾಡಿ ಎಂದು ಪ್ರಿನ್ಸಿಪಾಲರು ನಮ್ಮಿಬ್ಬರಿಗೆ ಹೇಳಿದರು. ನಾನು ಬಣ್ಣ ಬದಲಾಗುವ ಪ್ರಯೋಗಗಳ ಒಂದು ಪಟ್ಟಿ ಮಾಡಿದೆ. ಅವರು ಕಿವಿ ಉಜ್ಜಿಕೊಂಡು ಪೂರ್ತಿ ಕೇಳಿ, ತಾಳಮದ್ದಳೆ ಮಾಡುವ ಎಂದರು.

ಅವರು ಒಳ್ಳೆಯ ಅರ್ಥಧಾರಿ ಎಂದು ನಮ್ಮ ಕಡೆ ಹೆಸರಿತ್ತು. ತಾಳಮದ್ದಳೆ ಎಂದರೆ ಕೂತು ನಡೆಸುವ ಯಕ್ಷಗಾನ, ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿಗಳು ಎದುರು ಬದುರು ಕೂತು ಅದರ ಅರ್ಥ ಹಿಡಿದು ವಾದ ಮಾಡುತ್ತಾರೆ. ಪ್ರಸಂಗವನ್ನೂ ಮೇಷ್ಟ್ರೇ ಬರೆದರು. ಸೂರ್ಯನಿಗೆ ತಾನಿಲ್ಲದೆ ಯಾರೂ ಬದುಕಲಾರರು ಎಂಬ ಗರ್ವ. ಕಡಲ ತಳದ ಬ್ಯಾಕ್ಟೀರಿಯಾ ಅದನ್ನು ಮುರಿಯಬೇಕು. ಅದಕ್ಕೆ ಗಂಧಕಾಶಿ ಎಂದು ಹೆಸರಿಟ್ಟರು, ಗಂಧಕವನ್ನು ಉಣ್ಣುವವನು. ಸೂರ್ಯ ಅವರು, ಗಂಧಕಾಶಿ ನಾನು. ಹಿಟ್ಟಿನ ಗಿರಣಿಯ ಮಾಲೀಕರೊಬ್ಬರು ಭಾಗವತರು. ಹೋಗಿ ಬರಲು ಅವರದ್ದೇ ವ್ಯಾನು.

ಮೊದಲ ಜಗಳ ಬರವಣಿಗೆಯ ಬಗ್ಗೆ. ನಾನು ಇಬ್ಬರ ಮಾತನ್ನೂ ಪೂರ್ತಿ ಬರೆದು, ನಲವತ್ತು ನಿಮಿಷಕ್ಕೆ ಹೊಂದಿಸಿ, ಪ್ರತಿ ತೆಗೆಸಿ ಕೊಟ್ಟೆ. ಅವರು ಅದನ್ನು ಓದದೆ ನಾಲ್ಕಾಗಿ ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟರು. “ಬರ್ಕಂಡು ಬಂದು ಅರ್ಥ ಹೇಳ್ತಾರೇನೇ ಮಾರಾಯ್ತಿ? ನೀ ಎಂತ ಹೇಳ್ತಿ ಅಂತ ಮೊದ್ಲೇ ಗೊತ್ತಿದ್ರೆ ನಾ ಎಂತಕ್ಕೆ ಕೇಳ್ಬೇಕು?” ಮೇಜು ಅಲುಗಾಡುವುದು ನಿಂತಿತು. ಅದಕ್ಕೂ ನನಗೆ ಸಿಟ್ಟು ಬಂತು.

ಮೊದಲ ಕಾರ್ಯಕ್ರಮವನ್ನು ಅವರು ಒಪ್ಪಿಕೊಂಡು ಬಂದದ್ದು ಸಾಗರದ ಆಚೆ, ಇಕ್ಕೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ. ಆ ಮಕ್ಕಳು ಸಾಗರ ಬಿಟ್ಟು ನಮ್ಮ ಕಾಲೇಜಿಗೆ ಯಾಕೆ ಬರುತ್ತಾರೆ ಎಂದು ಕೇಳಿದೆ. ಬರುವುದಿಲ್ಲ, ಅಭ್ಯಾಸಕ್ಕಾಗುತ್ತದೆ ಎಂದರು. ಮಕ್ಕಳು ಜಗಲಿ ತುಂಬ ಕೂತಿದ್ದರು. ಭಾಗವತರು ಇವರೇ ಕಟ್ಟಿದ ಪದ್ಯ ಎತ್ತಿದರು:

ಕಡಲ ತಳದಲಿ ಕಾದ ನೀರಿನ
ಒಡಲ ಬಳಿಯಲಿ ಜೀವವಿಹುದೈ
ಕಡೆಗೆ ಸೂರ್ಯನ ಹಂಗು ಬೇಡದೆ ಬದುಕುವವರಿಹರೋ

ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಕಂಠ. ಮಕ್ಕಳು ಸುಮ್ಮನಾದರು. ಸೂರ್ಯನ ಗರ್ವದ ಮಾತಾಯಿತು. ನಾನು ಬಾಯಿಪಾಠ ಮಾಡಿದ್ದನ್ನು ತಪ್ಪಿಲ್ಲದೆ ಒಪ್ಪಿಸಿದೆ. ನನ್ನ ಬರವಣಿಗೆಯ ಪ್ರಕಾರ ಅಲ್ಲಿಗೆ ಸೂರ್ಯ ತಲೆ ತಗ್ಗಿಸಿ ಸೋಲೊಪ್ಪಬೇಕು. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ ತೆರೆದರು.

“ಎಲೈ ಗಂಧಕಾಶಿಯೇ, ಗಂಧಕದ ಹಬೆಯನ್ನು ಉಂಡು ಬದುಕುತ್ತೇನೆ ಎಂದೆ. ಒಪ್ಪಿದೆ. ಉಂಡದ್ದು ಮೈಗೂಡಬೇಕಾದರೆ ಅದನ್ನು ಒಳಗೆ ಉರಿಸಬೇಕಲ್ಲವೇ? ಉರಿಸುವುದಕ್ಕೆ ನಿನಗೆ ಆಮ್ಲಜನಕ ಬೇಕಲ್ಲವೇ? ಆ ಆಮ್ಲಜನಕ ಕಡಲ ತಳಕ್ಕೆ ಎಲ್ಲಿಂದ ಇಳಿದು ಬಂತು? ಮೇಲೆ, ನನ್ನ ಬೆಳಕಿನಲ್ಲಿ, ಹಸಿರು ಪಾಚಿ ಬಿಟ್ಟ ಉಸಿರಲ್ಲವೇ ಅದು? ನನ್ನ ಮುಖ ನೋಡದವನು ನೀನಿರಬಹುದು. ನನ್ನ ಹಂಗಿಲ್ಲದವನು ಹೇಗಾದೆ?”

ಇದು ನನ್ನ ಬರವಣಿಗೆಯಲ್ಲಿ ಇರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ. ಸಲ್ಫೈಡ್ ಉರಿಯುವುದಕ್ಕೆ ಆಮ್ಲಜನಕ ಬೇಕು ಎನ್ನುವುದು ನನ್ನದೇ ವಿಷಯ, ಸಮೀಕರಣ ನಾನೇ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ಆ ಆಮ್ಲಜನಕ ಎಲ್ಲಿಂದ ಬಂತು ಎಂದು ಯಾವತ್ತೂ ಯೋಚಿಸಿರಲಿಲ್ಲ. ಪಾತ್ರಧಾರಿಗೆ ಮಾತು ಹೋದರೆ ಭಾಗವತರು ಮುಂದಿನ ಪದ್ಯ ಎತ್ತಿ ಪಾರು ಮಾಡುವುದು ತಾಳಮದ್ದಳೆಯ ಮರ್ಯಾದೆ. ನಮ್ಮ ಭಾಗವತರು ತಾಳವನ್ನು ಮಡಿಲಲ್ಲಿಟ್ಟುಕೊಂಡು, ನಾನು ಏನು ಹೇಳುತ್ತೇನೋ ಎಂದು ಮಕ್ಕಳ ಹಾಗೆಯೇ ನನ್ನ ಮುಖ ನೋಡುತ್ತಿದ್ದರು. ಗಂಟೆ ಹೊಡೆದ ಮೇಲೆ ಮಂಗಳ ಹಾಡಿದರು.

ಮಕ್ಕಳಿಗೆ ಬಹಳ ಸಂತೋಷವಾಗಿತ್ತು. ಸೂರ್ಯನಿಲ್ಲದೆ ಯಾರೂ ಬದುಕೋದಿಲ್ಲ ಎಂದು ಮಾತಾಡಿಕೊಳ್ಳುತ್ತ ಕ್ಲಾಸಿಗೆ ಹೋದರು. ನಾವು ಹೇಳಲು ಹೋದದ್ದಕ್ಕೆ ಸರಿಯಾಗಿ ವಿರುದ್ಧವಾದದ್ದನ್ನು ಅವರಿಗೆ ಕಲಿಸಿ ವ್ಯಾನು ಹತ್ತಿದೆವು.

ದಾರಿಯಲ್ಲಿ ನಾನು ಕೇಳಿದೆ. “ಉತ್ತರ ಏನು ಸರ್?”

“ಸೂರ್ಯನ್ ಹತ್ರ ಉತ್ತರ ಕೇಳ್ತಾನೇನೇ ಗಂಧಕಾಶಿ?”

“ಇದು ವ್ಯಾನು ಸರ್. ಪ್ರಸಂಗ ಮುಗೀತು.”

ಅವರು ಕಿಟಕಿಯ ಕಡೆ ತಿರುಗಿದರು. ಭಾಗವತರು ಸ್ಟೀರಿಂಗ್ ಹಿಡಿದೇ ನಕ್ಕರು. “ಬಿಡಿ ಮೇಡಂ. ಎದುರಿನವ್ರು ಉತ್ತರ ಹೇಳ್ದೆ ಇದ್ರೆ ಇವ್ರು ಊಟ ಬೇಕಾದ್ರೂ ಬಿಡ್ತಾರೆ, ಪ್ರಶ್ನೆ ಬಿಡಲ್ಲ. ಅದಕ್ಕೇ ಇವ್ರ ಎದುರು ಅರ್ಥ ಹೇಳೋಕೆ ಯಾರೂ ಬರಲ್ಲ. ನೀವು ಹೊಸಬ್ರು.”

ಒಂದು ತಿಂಗಳು ಹುಡುಕಿದೆ. ಪಾಠ, ಪ್ರಾಕ್ಟಿಕಲ್ಸ್, ಟೆಸ್ಟ್ ಪೇಪರುಗಳ ನಡುವೆ ಕಡಲ ತಳ ಬೇರೆ. ಕೊನೆಗೆ ಸಿಕ್ಕಿತು. ಅದೇ ಬಿಸಿನೀರಿನ ಬುಗ್ಗೆಯ ಹತ್ತಿರ ಇನ್ನೊಂದು ಕುಲದ ಸೂಕ್ಷ್ಮಜೀವಿಗಳಿವೆ. ಅವಕ್ಕೆ ಆಮ್ಲಜನಕ ಬೇಡ, ತಾಗಿದರೆ ಸಾಯುತ್ತವೆ. ಹೈಡ್ರೋಜನ್ನನ್ನೂ ಇಂಗಾಲದ ಡೈಆಕ್ಸೈಡನ್ನೂ ಕೂಡಿಸಿ ಮೀಥೇನ್ ಮಾಡುತ್ತವೆ, ಆ ಶಕ್ತಿಯಲ್ಲಿ ಬದುಕುತ್ತವೆ. ಅವುಗಳ ದಾಯಾದಿಗಳೇ ನಮ್ಮ ಗೋಬರ್ ಗ್ಯಾಸ್ ಗುಂಡಿಯಲ್ಲಿರುವುದು. ಇದನ್ನು ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗೋಬರ್ ಗ್ಯಾಸ್ ನೋಡದ ಮಗು ನಮ್ಮಲ್ಲಿಲ್ಲ. ಸೂರ್ಯನ ಬಾಯಿ ಸಗಣಿಯಲ್ಲೇ ಮುಚ್ಚಿಸುತ್ತೇನೆ ಎಂದುಕೊಂಡೆ.

ಎರಡನೇ ಕಾರ್ಯಕ್ರಮ ತೀರ್ಥಹಳ್ಳಿ ರಸ್ತೆಯಲ್ಲಿ, ಎರಡು ತಾಲ್ಲೂಕಿನ ಗಡಿಯಲ್ಲಿರುವ ಹೈಸ್ಕೂಲಿನಲ್ಲಿ. ಅಲ್ಲಿಂದ ವರ್ಷಕ್ಕೆ ಮೂರು ನಾಲ್ಕು ಮಕ್ಕಳಾದರೂ ನಮ್ಮ ಕಡೆ ಬರುತ್ತಾರೆ. ಆದ್ದರಿಂದ ಹಿಂದಿನ ದಿನವೇ ಅವರಿಗೆ ಕೈ ಮುಗಿದು ಹೇಳಿದ್ದೆ, ಈ ಸಲ ಗಂಧಕಾಶಿ ಗೆಲ್ಲಬೇಕು ಎಂದು. ಗೆಲ್ಲು, ಬೇಡ ಅಂದವರು ಯಾರು ಎಂದಿದ್ದರು.

ಆಮ್ಲಜನಕದ ಪ್ರಶ್ನೆ ಬಂತು. ನನ್ನ ದಾಯಾದಿಯೊಬ್ಬನಿದ್ದಾನೆ, ಅವನಿಗೆ ನಿನ್ನ ಆಮ್ಲಜನಕವೇ ವಿಷ, ನಂಬಿಕೆಯಿಲ್ಲದಿದ್ದರೆ ಈ ಮಕ್ಕಳ ಮನೆಯ ಗೋಬರ್ ಗ್ಯಾಸ್ ಗುಂಡಿಗೆ ಹೋಗಿ ನೋಡು, ಕತ್ತಲಲ್ಲಿ, ಗಾಳಿಯಿಲ್ಲದಲ್ಲಿ ಕೂತು ಇವರ ಒಲೆ ಉರಿಸುತ್ತಿದ್ದಾನೆ ಎಂದೆ. ಮಕ್ಕಳು ಚಪ್ಪಾಳೆ ಹೊಡೆದರು. ಸೂರ್ಯ ಕಿವಿ ಉಜ್ಜಿಕೊಂಡ.

“ಆ ಗುಂಡಿಗೆ ಹಾಕಿದ್ದು ಏನು?”

“ಸಗಣಿ.”

“ಸಗಣಿ ಎಲ್ಲಿಂದ ಬಂತು?”

ಒಬ್ಬ ಹುಡುಗ ನಾನು ಬಾಯಿ ತೆರೆಯುವ ಮೊದಲೇ ಹುಲ್ಲಿಂದ ಎಂದುಬಿಟ್ಟ. ಹುಲ್ಲು ಯಾರಿಂದ ಎಂದು ಸೂರ್ಯ ಕೇಳಲೇ ಇಲ್ಲ. ಕೈಯನ್ನು ಸುಮ್ಮನೆ ಎದೆಯ ಮೇಲಿಟ್ಟುಕೊಂಡ, ಜಗಲಿ ಹಾರಿಹೋಗುವಷ್ಟು ನಗು. ಗೋಬರ್ ಗ್ಯಾಸಿನ ಹೆಸರೆತ್ತಿದ್ದು ನನ್ನದೇ ತಪ್ಪು. ಕಡಲ ತಳದಲ್ಲಿ ಸಗಣಿ ಇಲ್ಲ, ಅಲ್ಲಿಯ ಹೈಡ್ರೋಜನ್ ಬೇರೆ ಕಡೆಯಿಂದ ಬರುತ್ತದೆ ಎಂದು ಹೇಳಬೇಕಿತ್ತು. ಎಲ್ಲಿಂದ ಎಂದು ಆಗ ನನಗೆ ಖಾತ್ರಿಯಿರಲಿಲ್ಲ. ಹೊರಡುವಾಗ ಅಲ್ಲಿಯ ಹೆಡ್‌ಮಾಸ್ತರರು, ಸೂರ್ಯನ ಮುಂದೆ ಯಾರು ಗೆಲ್ತಾರೆ ಬಿಡಿ ಮೇಡಂ ಎಂದು ನನಗೆ ಸಮಾಧಾನ ಹೇಳಿದರು.

ಸ್ಟಾಫ್ ರೂಮಿಗೆ ಬಂದ ಮೇಲೆ ನಾನು ಸುಮ್ಮನಿರಲಿಲ್ಲ. “ನಿಮಗೆ ಪೆನ್ಷನ್ ಬರ್ತದೆ ಸರ್. ವಿಭಾಗ ಮುಚ್ಚಿದ್ರೆ ನಾನು ಮನೆಗೆ ಹೋಗ್ಬೇಕು. ಒಂದ್ಸಲ ಸುಮ್ನೆ ಸೋತುಬಿಟ್ರೆ ನಿಮ್ಮದು ಎಂತ ಹೋಗ್ತದೆ?”

“ಸೋಲೋ ಪಾತ್ರ ಸೋಲ್ಬೇಕು ಮಾರಾಯ್ತಿ. ಸೋತಂಗೆ ಮಾಡ್ಬಾರ್ದು. ಆ ಮಕ್ಕಳಲ್ಲಿ ಯಾವ್ದಾದ್ರೂ ಒಂದು ಇದೇ ಪ್ರಶ್ನೆ ಎತ್ತಿದ್ರೆ ಆಗ ಯಾರು ಸೋಲ್ತಾರೆ?”

ನಾನು ಇನ್ನೂ ಬಹಳ ಹೇಳಿದೆ. ಹೇಳಿ ಮುಗಿದ ಮೇಲೆ ಅವರು ‘ಮುಂದೆ?’ ಎಂದರು. ಒಂದು ವಾರ ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾದ ಹಾಗೆ ಕಾಣಲಿಲ್ಲ. ಬಿಡುವಿದ್ದಾಗಲೆಲ್ಲ ಲ್ಯಾಬಿನಲ್ಲಿ ಕೂತು ಏನೋ ಓದುತ್ತಿದ್ದರು.

ಮೂರನೆಯದು ನಮ್ಮ ಕಾಲೇಜಿನಲ್ಲೇ, ಫೆಬ್ರವರಿ ಕೊನೆಯ ವಾರ. ಸುತ್ತಲಿನ ಐದು ಹೈಸ್ಕೂಲಿನ ಹತ್ತನೇ ತರಗತಿಯವರು ಬಂದಿದ್ದರು, ಕೆಲವರ ತಂದೆ ತಾಯಿಯರೂ ಇದ್ದರು. ಪ್ರಿನ್ಸಿಪಾಲರು ಮೊದಲ ಸಾಲಿನಲ್ಲಿ ಕೂತು ಸೂರ್ಯನನ್ನು ದುರುಗುಟ್ಟಿ ನೋಡುತ್ತಿದ್ದರು. ಆ ಹೊತ್ತಿಗೆ ನಾನು ಬಾಯಿಪಾಠ ಮಾಡುವುದನ್ನು ಬಿಟ್ಟಿದ್ದೆ. ಸಮಯ ನೋಡುವುದನ್ನೂ ಬಿಟ್ಟಿದ್ದೆ.

ಆಮ್ಲಜನಕದ ಪ್ರಶ್ನೆ ಬಂತು. ದಾಯಾದಿಯ ಮಾತು ಹೇಳಿದೆ. ಅವನ ಹೈಡ್ರೋಜನ್ ಎಲ್ಲಿಂದ ಎಂದು ಸೂರ್ಯ ಕೇಳಿದ. ಬಿಸಿ ಬಂಡೆಗೂ ನೀರಿಗೂ ತಿಕ್ಕಾಟವಾದಾಗ ಬಂಡೆಯೊಳಗಿನ ಕಬ್ಬಿಣ ನೀರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಹೈಡ್ರೋಜನ್ ಹೊರಗೆ ಬೀಳುತ್ತದೆ, ಅದರಲ್ಲಿ ನಿನ್ನದೊಂದು ಕಿರಣವೂ ಇಲ್ಲ ಎಂದೆ. ಇಂಗಾಲ? ಭೂಮಿಯ ಹೊಟ್ಟೆಯೊಳಗಿಂದಲೇ ಬರುತ್ತದೆ ಎಂದೆ. ಸೂರ್ಯ, ನಾನಿಲ್ಲದಿದ್ದರೆ ನಿನ್ನ ಕಡಲೇ ಹೆಪ್ಪುಗಟ್ಟಿ ಕಲ್ಲಾಗುತ್ತದಲ್ಲ ಎಂದ. ಮೇಲೆ ಹೆಪ್ಪುಗಟ್ಟಲಿ, ಆ ಮಂಜುಗಡ್ಡೆಯೇ ನಮಗೆ ಕಂಬಳಿ, ಅದರ ಕೆಳಗೆ ಭೂಮಿ ತನ್ನ ಬಿಸಿಯಲ್ಲೇ ನಮ್ಮನ್ನು ಕಾಯುತ್ತಾಳೆ ಎಂದೆ.

ಅವರು ಕಣ್ಣು ಮುಚ್ಚಿದರು. ಕೈ ಕಿವಿಗೆ ಹೋಗಲಿಲ್ಲ. ಭಾಗವತರು ಪದ್ಯ ಎತ್ತಲು ತಾಳ ತೆಗೆದುಕೊಂಡಾಗ ಬೆರಳೆತ್ತಿ ತಡೆದರು.

“ಒಪ್ಪಿದೆ. ನನ್ನ ಹಂಗಿಲ್ಲದವರು ಕಡಲ ತಳದಲ್ಲಿದ್ದಾರೆ. ಆದರೆ ಅದು ನೀನಲ್ಲ ಗಂಧಕಾಶಿ, ನಿನ್ನ ದಾಯಾದಿ. ನೀನು ಇವತ್ತಿಗೂ ನನ್ನ ಋಣದವನೇ. ಅವನಿಗೆ ನನ್ನ ನಮಸ್ಕಾರ ಹೇಳು.”

ಸೋಲೊಪ್ಪುವಾಗಲೂ ನನ್ನನ್ನು ಗೆಲ್ಲಿಸಲಿಲ್ಲ. ಮಕ್ಕಳಿಗೆ ಗೆದ್ದವರು ಯಾರೆಂದು ಪೂರ್ತಿ ತಿಳಿಯಲಿಲ್ಲ, ಅರ್ಧ ಜನ ಚಪ್ಪಾಳೆ ಹೊಡೆದರು. ಪ್ರಿನ್ಸಿಪಾಲರು ಎದ್ದು ಹೋದರು.

ಮಕ್ಕಳೆಲ್ಲ ಹೋದ ಮೇಲೆ ಲ್ಯಾಬಿನಲ್ಲಿ ಚಹಾ ಕುಡಿಯುವಾಗ ಅವರು ಹೇಳಿದರು. “ಆ ಉತ್ತರ ನಂಗೆ ಗೊತ್ತಿರ್ಲಿಲ್ಲ ಮಾರಾಯ್ತಿ.”

ಯಾವುದು ಎಂದು ಕೇಳಿದೆ.

“ಯಾವ್ದೂ. ಇಕ್ಕೇರೀಲಿ ಸೂರ್ಯನಾಗಿ ಕೂತಾಗ ಆ ಪ್ರಶ್ನೆ ಬಾಯಿಗೆ ಬಂತು. ಸೂರ್ಯ ಬಿಡ್ತಾನಾ, ಕೇಳಿದ. ಮೂವತ್ತು ವರ್ಷ ಬೋರ್ಡಿನ ಎದುರು ನಿಂತಿದೀನಿ, ಒಂದಿನ ಬರ್ಲಿಲ್ಲ ಅದು. ಸೂರ್ಯ ಆರಿಹೋದ್ರೂ ಇವಕ್ಕೆ ಗೊತ್ತಾಗಲ್ಲ ಅಂತ ಪಾಠ ಮಾಡಿ ಕಳ್ಸಿದೀನಿ ಎಲ್ಲರ್ನೂ.”

ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ. ಎರಡು ತಿಂಗಳು, ಉತ್ತರ ಗೊತ್ತಿದ್ದೂ ನನ್ನನ್ನು ಆಟ ಆಡಿಸುತ್ತಿದ್ದಾರೆ ಎಂದುಕೊಂಡಿದ್ದೆ. ಗೊತ್ತಿಲ್ಲ ಎಂದು ವ್ಯಾನಿನಲ್ಲೇ ಹೇಳಬಹುದಿತ್ತಲ್ಲ ಎಂದೆ. ಹೇಳಿದ್ದರೆ ನೀನು ಇಷ್ಟು ಹುಡುಕುತ್ತಿದ್ದೆಯಾ ಎಂದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮರುದಿನ ಅವರು ನನಗೆ ಹೊಸ ಕೆಲಸ ಹಚ್ಚಿದರು. ಹಳೇ ವಿದ್ಯಾರ್ಥಿಗಳ ಫೋನ್ ನಂಬರು ಹುಡುಕಿ ಕೊಡಬೇಕು. ಸಿಕ್ಕಷ್ಟು ಜನಕ್ಕೆ ಫೋನ್ ಮಾಡಿ ಪಾಠ ತಿದ್ದುತ್ತೇನೆ ಎಂದರು. ಹುಚ್ಚು ಎಂದೆ. ಮಾರ್ಚಿನಿಂದ ಶುರುವಾಯಿತು. ದಿನಕ್ಕೆ ಮೂರೋ ನಾಲ್ಕೋ, ಸ್ಟಾಫ್ ರೂಮಿನಲ್ಲಿ ಸ್ಪೀಕರ್ ಹಾಕಿಕೊಂಡು. ನರ್ಸುಗಳು, ಇನ್ಶೂರೆನ್ಸ್ ಏಜೆಂಟರು, ಮಂಡಗದ್ದೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟವರು. ಹೆಚ್ಚಿನವರಿಗೆ ಪಾಠವೇ ನೆನಪಿರಲಿಲ್ಲ. ಅಂಥವರಿಗೆ ಮೊದಲು ಬಿರುಕಿನಿಂದ ಶುರುಮಾಡಿ ಪೂರ್ತಿ ಪಾಠ ಹೇಳಿ, ಆಮೇಲೆ ಅದರಲ್ಲಿ ಯಾವುದು ತಪ್ಪು ಎಂದು ಹೇಳುತ್ತಿದ್ದರು. ಒಬ್ಬ ಬಸ್ ಕಂಡಕ್ಟರು, ಸರ್ ನಾನು ಆ ವರ್ಷ ಫೇಲಾಗಿದ್ದೆ ಎಂದ. “ಆದ್ರೂ ತಪ್ಪು ಕಲ್ತಿದ್ದೆ ಅಲ್ವನಾ?” ಎಂದು ಇವರು ಮುಂದುವರಿಸಿದರು. ಹಿಂದಿನಿಂದ ಪ್ರಯಾಣಿಕರು ಟಿಕೆಟ್ ಕೇಳುತ್ತಿದ್ದದ್ದು ನಮಗೆ ಕೇಳಿಸುತ್ತಿತ್ತು.

ಹೇಗೂ ಫೋನ್ ಮಾಡುತ್ತೀರಿ, ನಿಮ್ಮ ಮಕ್ಕಳನ್ನು ನಮ್ಮ ಕಾಲೇಜಿಗೆ ಸೇರಿಸಿ ಎಂದು ಕೊನೆಗೊಂದು ಮಾತು ಸೇರಿಸಿ ಎಂದು ಕೇಳಿಕೊಂಡೆ. ತಪ್ಪು ತಿದ್ದಲು ಹೋಗಿ ಗಿರಾಕಿ ಹುಡುಕುತ್ತಾರೇನೇ ಎಂದು ನನಗೇ ಬೈದರು. ನೂರಕ್ಕೂ ಹೆಚ್ಚು ಜನರ ಜೊತೆ ಮಾತಾಡಿದರು. ಒಬ್ಬರಿಗೂ ಅಡ್ಮಿಶನ್ನಿನ ಸುದ್ದಿ ಹೇಳಲಿಲ್ಲ. ಮೇ ಕೊನೆಗೆ ನಿವೃತ್ತರಾಗಿ, ಆರು ಅಜಾತಶತ್ರುಗಳನ್ನು ಹೊತ್ತುಕೊಂಡು ಮನೆಗೆ ಹೋದರು.

ಜೂನಿನಲ್ಲಿ ಅಡ್ಮಿಶನ್ ಮುಗಿಯಲು ಎರಡು ದಿನ ಇದ್ದಾಗ ನಮಗೆ ಇನ್ನೂ ಮೂವರು ಬೇಕಿತ್ತು. ಹುಲಿಕಲ್ ಕಡೆಯಿಂದ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದರು. ಇಪ್ಪತ್ತು ವರ್ಷದ ಹಿಂದೆ ಇಲ್ಲೇ ಓದಿದವರಂತೆ. ಮಗಳ ಇಬ್ಬರು ಗೆಳತಿಯರೂ ಒಂದೇ ಬಸ್ಸಿಗೆ ಬರುವವರು, ಇವಳು ಎಲ್ಲಿ ಸೇರುತ್ತಾಳೋ ಅವರೂ ಅಲ್ಲೇ.

“ಸರ್ ಏಪ್ರಿಲ್‌ನಲ್ಲಿ ಫೋನ್ ಮಾಡಿದ್ರು ಮೇಡಂ. ‘ನಾನು ನಿಂಗೆ ಹೇಳಿಕೊಟ್ಟಿದ್ದು ತಪ್ಪಾಗಿತ್ತು’ ಅಂದ್ರು. ನಂಗೆ ಯಾರೂ ಹಂಗೆ ಹೇಳಿದ್ದಿಲ್ಲ, ನಮ್ಮನೆಯವ್ರೂ ಹೇಳಿಲ್ಲ. ಅದಕ್ಕೇ ಇವಳನ್ನ ಅವ್ರ ಕೈಗೇ ಹಾಕ್ಬೇಕು ಅಂತ ಬಂದೆ. ಸರ್ ಎಲ್ಲಿ?”

ಪ್ರಿನ್ಸಿಪಾಲರು ನನ್ನ ಕಡೆ ನೋಡಿದರು. ಆ ನೋಟದ ಅರ್ಥ, ಸರ್ ರಜೆಯಲ್ಲಿದ್ದಾರೆ ಎಂದರೆ ಸಾಕು ಎಂದು. ನನಗೂ ಅದೇ ಬಾಯಿಗೆ ಬಂದಿತ್ತು. ಮೂರು ಸೀಟು, ವಿಭಾಗ, ನನ್ನ ಕೆಲಸ, ಎಲ್ಲ ಆ ಒಂದು ಮಾತಿನಲ್ಲಿತ್ತು. ಇಂಥ ಹೊತ್ತಲ್ಲೂ ಆ ಮನುಷ್ಯ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ ಎಂದು ಮೈಯೆಲ್ಲ ಉರಿಯಿತು. ತಪ್ಪು ತಿದ್ದಿಕೊಂಡರು ಎಂದು ನಂಬಿ ಬಂದವರಿಗೆ ಸುಳ್ಳು ಹೇಳಿ ಸೇರಿಸಿಕೊಳ್ಳುವುದು ಹೇಗೆ?

“ಸರ್ ನಿವೃತ್ತರಾದ್ರು,” ಎಂದೆ. “ಜೀವಶಾಸ್ತ್ರಕ್ಕೆ ಇನ್ನೂ ಯಾರೂ ಬಂದಿಲ್ಲ. ಸದ್ಯ ನಾನೇ ನೋಡ್ಕೊಳ್ತೀನಿ.”

ತಾಯಿಯ ಮುಖ ಸಣ್ಣದಾಯಿತು. ಪ್ರಿನ್ಸಿಪಾಲರು ಫೈಲು ಮುಚ್ಚಿದರು. ಮಗಳು ಮಾತ್ರ ನನ್ನನ್ನೇ ನೋಡುತ್ತಿದ್ದಳು.

“ಮಿಸ್, ಅವತ್ತು ಫೋನಲ್ಲಿ ನಾನೂ ಕೇಳ್ತಿದ್ದೆ. ಅಲ್ಲಿ ಕೆಳಗೆ ಒಂದು ಉದ್ದ ಹುಳ ಇದೆಯಂತೆ, ಕೊಳವೆಯೊಳಗೆ ಇರೋದು. ಬಾಯಿ ಇಲ್ವಂತೆ, ಹೊಟ್ಟೆನೂ ಇಲ್ವಂತೆ. ಬ್ಯಾಕ್ಟೀರಿಯಾನ ಮೈಯೊಳಗೇ ಸಾಕ್ಕಂಡು, ಅವು ಮಾಡಿಕೊಟ್ಟಿದ್ದನ್ನ ತಿನ್ನೋದಂತೆ. ಬಾಯೇ ಇಲ್ದಿದ್ರೆ ಮೊದಲ್ನೇ ಬ್ಯಾಕ್ಟೀರಿಯಾ ಒಳಗೆ ಹೋಗಿದ್ದು ಹೆಂಗೆ?”

ಹುಳದ ವಿಷಯ ನನಗೆ ಗೊತ್ತಿತ್ತು. ಅವು ಒಳಗೆ ಹೋದದ್ದು ಹೇಗೆ ಎಂದು ಗೊತ್ತಿರಲಿಲ್ಲ.

“ಗೊತ್ತಿಲ್ಲ,” ಎಂದೆ. ಪ್ರಿನ್ಸಿಪಾಲರು ತಲೆಯ ಮೇಲೆ ಕೈಯಿಟ್ಟುಕೊಂಡರು.

“ಹುಡುಕ್ತೀರಾ?”

“ಹುಡುಕ್ತೀನಿ.”

ಅವಳು ತಾಯಿಯ ಕಡೆ ತಿರುಗಿ, ಇಲ್ಲೇ ಸೇರ್ತೀನಿ ಎಂದಳು. ಗೆಳತಿಯರು ಮರುದಿನ ಬಂದರು. ವಿಭಾಗ ಈ ವರ್ಷಕ್ಕೆ ಉಳಿಯಿತು, ಮುಂದಿನ ವರ್ಷದ್ದು ಗೊತ್ತಿಲ್ಲ. ಆ ಹುಡುಗಿ ಕಾರಿಡಾರಿನಲ್ಲಿ ಎದುರಾದಾಗಲೆಲ್ಲ, ಸಿಕ್ತಾ ಮಿಸ್ ಎಂದು ಕೇಳುತ್ತಾಳೆ. ಹುಳ ಮರಿಯಾಗಿದ್ದಾಗ ಚರ್ಮದಿಂದಲೇ ಒಳಗೆ ಹೋಗುತ್ತವೆ ಎಂದು ಒಂದು ಕಡೆ ಓದಿದ್ದೇನೆ. ಇನ್ನೊಂದು ಕಡೆ ಬೇರೆ ಇದೆ. ಎರಡನ್ನೂ ಸರಿಯಾಗಿ ನೋಡದೆ ಅವಳಿಗೆ ಹೇಳುವ ಹಾಗಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿ ಎಂದು ಭಾಗವತರು ಹೇಳುತ್ತಾರೆ. ಮಾಡುವುದಿಲ್ಲ. ಅವರಿಗೂ ಗೊತ್ತಿರುವುದಿಲ್ಲ, ಮತ್ತು ಗೊತ್ತಿಲ್ಲ ಎಂದು ಅವರು ಈಗಲೇ ಹೇಳುವುದೂ ಇಲ್ಲ.